ಮಳೆಗಾಲ ಬಂತೆಂದರೆ ಆಭರಣ ಪೆಟ್ಟಿಗೆಯ ಖಾನೆ ಯಾಕೆ ಸಿಕ್ಕಿಕೊಳ್ಳುತ್ತದೆ?

ಪ್ರಶ್ನೆ: ಜನವರಿಯಲ್ಲಿ ತೇಗದ ಮರದಲ್ಲಿ ಮೂರು ಖಾನೆಯ ಪುಟ್ಟ ಆಭರಣ ಪೆಟ್ಟಿಗೆ ಮಾಡಿದೆ. ಆಗ ಖಾನೆಗಳು ಒಂದು ಬೆರಳಲ್ಲಿ ಎಳೆದರೂ ಬರುತ್ತಿದ್ದವು. ಜೂನ್ ಕೊನೆಯಿಂದ ಅಲುಗಾಡುವುದೇ ಇಲ್ಲ. ಪಕ್ಕ ಕೀಸಿ ಸರಿ ಮಾಡಲಾ? ನಮ್ಮನೆ ಕುಮಟಾದಲ್ಲಿ.

ಉತ್ತರ: ಈಗಲೇ ಕೀಸಬೇಡಿ. ಕೀಸುವ ದಿನ ಬಂದಾಗಲೂ ಪಕ್ಕ ಮುಟ್ಟಬೇಡಿ, ಮೇಲಿನ ಅಂಚನ್ನು ಕೀಸಿ. ಯಾಕೆ ಅಂತ ಹೇಳ್ತೇನೆ.

ಮರ ಕಡಿದು ಒಣಗಿಸಿದ ಮೇಲೂ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಆದರೆ ಎಲ್ಲ ಕಡೆಗೂ ಒಂದೇ ಸಮ ಹಿಗ್ಗುವುದಿಲ್ಲ. ಎಳೆ ಓಡುವ ದಿಕ್ಕಿನಲ್ಲಿ, ಅಂದರೆ ಹಲಗೆಯ ಉದ್ದದಲ್ಲಿ, ಬದಲಾವಣೆ ಇಲ್ಲವೆಂದೇ ಹೇಳಬಹುದು. ಹಿಗ್ಗುವುದು ಎಳೆಗೆ ಅಡ್ಡಲಾಗಿ, ಹಲಗೆಯ ಅಗಲದಲ್ಲಿ.

ಈಗ ನಿಮ್ಮ ಖಾನೆಯನ್ನು ನೋಡಿ. ಮುಂದಿನ ಹಲಗೆಯ ಎಳೆ ಎಡದಿಂದ ಬಲಕ್ಕೆ ಓಡುತ್ತದೆ, ಹಾಗಾಗಿ ಖಾನೆಯ ಅಗಲ ಜನವರಿಯಲ್ಲೂ ಜುಲೈಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಎತ್ತರ ಮಾತ್ರ ಎಳೆಗೆ ಅಡ್ಡ, ಅದು ಬೆಳೆಯುತ್ತದೆ. ಹೊರಗಿನ ಪೆಟ್ಟಿಗೆಯ ಪಕ್ಕದ ಹಲಗೆಗಳನ್ನು ಸಾಮಾನ್ಯವಾಗಿ ಎಳೆ ಮೇಲಿಂದ ಕೆಳಕ್ಕೆ ಬರುವ ಹಾಗೆ ನಿಲ್ಲಿಸಿರುತ್ತೇವೆ ಅಲ್ವಾ? ಅವುಗಳ ಎತ್ತರ ಬದಲಾಗುವುದಿಲ್ಲ. ಬಾಯಿ ಇದ್ದಷ್ಟೇ ಇದೆ, ಒಳಗಿನ ಖಾನೆ ಮಾತ್ರ ಎತ್ತರ ಆಗಿದೆ. ಸಿಕ್ಕಿಕೊಳ್ಳುವುದು ಅಲ್ಲೇ. ಜನ ಪಕ್ಕ ಕೀಸಿ ಕೀಸಿ ಖಾನೆಯನ್ನು ಸಡಿಲ ಮಾಡಿಕೊಳ್ಳುತ್ತಾರೆ, ಅಷ್ಟಾದರೂ ಅದು ಬರುವುದಿಲ್ಲ, ಕೊನೆಗೆ ಚಳಿಗಾಲದಲ್ಲಿ ನೋಡಿದರೆ ಖಾನೆ ಒಳಗೆ ಎಡಕ್ಕೂ ಬಲಕ್ಕೂ ಓಲಾಡುತ್ತಿರುತ್ತದೆ.

ಎಷ್ಟು ಹಿಗ್ಗುತ್ತದೆ? ತೇಗ ಬಹಳ ಮರಗಳಿಗಿಂತ ಕಡಿಮೆ ಹಿಗ್ಗುವ ಮರ. ಆದರೂ 50 ಮಿ.ಮೀ. ಎತ್ತರದ ಖಾನೆಯ ಮರದಲ್ಲಿ ತೇವ ಶೇ 12ರಿಂದ 18ಕ್ಕೆ ಏರಿದರೆ ಸುಮಾರು ಅರ್ಧ ಮಿ.ಮೀ. ಎತ್ತರ ಹೆಚ್ಚುತ್ತದೆ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಚಂದ ಕಾಣಲಿ ಅಂತ ಕಾಗದದಷ್ಟು ಸಂದು ಬಿಟ್ಟು ಕೂರಿಸಿದ ಖಾನೆಗೆ ಅಷ್ಟೇ ಸಾಕು. ವರ್ಷಕ್ಕೆ 3 ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಬಟ್ಟೆ ಮೂರು ದಿನವಾದರೂ ಒಣಗದ ಜುಲೈಯಲ್ಲಿ, ಮರ ಸುಮ್ನೆ ಇರುತ್ತದಾ?

ನನ್ನ ಅಕ್ಕನಿಗೆ ಶಿರಸಿಯಲ್ಲಿ ಕೂತು ಇಂಥದ್ದೇ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಫೆಬ್ರವರಿಯ ಒಣ ಗಾಳಿ, ಹಳೆ ಮನೆ ಬಿಚ್ಚಿದಾಗ ಸಿಕ್ಕ ತೇಗ. ಅವಳ ಮನೆ ಅಂಕೋಲಾ ಹತ್ತಿರ, ಸಮುದ್ರಕ್ಕೆ ಕೂಗಳತೆ. ನಾಗರ ಪಂಚಮಿಯ ಹಿಂದಿನ ದಿನ ಫೋನ್ ಬಂತು, "ತಮಾ, ಖಾನೆ ಬತ್ತೇ ಇಲ್ಲೆ". ಅಮ್ಮನ ಕಾಲದ ಬುಗುಡಿ ಒಳಗೇ ಉಳಿದಿತ್ತು, ಹಬ್ಬಕ್ಕೆ ಅವಳು ಹಾಕಿಕೊಳ್ಳಲಿಲ್ಲ. ನನಗೆ ಇವತ್ತಿಗೂ ಅದು ಬೇಜಾರು. ನೂರು ವರ್ಷದ ಮರ ಇನ್ನು ಹಿಗ್ಗುವುದಿಲ್ಲ ಅಂತ ನಂಬಿದ್ದೆ. ಅದು ತಪ್ಪು. ಹಳೆ ಮರವೂ ತೇವ ಕುಡಿಯುತ್ತದೆ, ಹೊಸದರ ಹಾಗೇ.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ಖಾನೆ ಎಳೆಯುವ ಗುಬ್ಬಿ ಹಿಡಿದು ಜಗ್ಗಬೇಡಿ, ಅದು ಕಿತ್ತು ಬರುತ್ತದೆ. ಬಚ್ಚಲ ಒಲೆಯ ಹತ್ತಿರ ಇಡುವುದಂತೂ ಬೇಡವೇ ಬೇಡ, ಒಂದು ಬದಿ ಬೇಗ ಒಣಗಿ ಹಲಗೆ ಸೀಳುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಒಂದು ವಾರ, ಹತ್ತು ದಿನ ಇಡಿ. ನಿಧಾನವಾಗಿ ಸಡಿಲವಾಗುತ್ತದೆ. ಹಿಂದಿನ ಹಲಗೆಗೆ ಸ್ಕ್ರೂ ಹೊಡೆದಿದ್ದರೆ ಇನ್ನೂ ಸುಲಭ, ಬಿಚ್ಚಿ ಹಿಂದಿನಿಂದ ತಳ್ಳಿ. ಅದಕ್ಕೇ ಹಿಂದಿನ ಹಲಗೆಗೆ ಅಂಟು ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಸ್ಕ್ರೂ ಹಿತ್ತಾಳೆಯದ್ದೇ ಇರಲಿ, ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ.

ಖಾನೆ ಹೊರಗೆ ಬಂದ ಮೇಲೂ ಕೀಸುಳಿ ಹಿಡಿಯಬೇಡಿ. ಮಳೆ ಶುರುವಾದ ಹೊಸತರಲ್ಲಿ ಕೀಸಿದರೆ ಮರ ಇನ್ನೂ ಹಿಗ್ಗುವುದು ಬಾಕಿ ಇರುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಒಣಗಿಸಿದ ಮರವನ್ನು ಕೀಸಿದರೆ ಎಷ್ಟು ತೆಗೆಯಬೇಕು ಅಂತಲೇ ಗೊತ್ತಾಗುವುದಿಲ್ಲ. ಖಾನೆಯನ್ನು ಹೊರಗೇ ಇಟ್ಟು ಆಗಸ್ಟ್ ಮಧ್ಯದವರೆಗೆ ಕಾಯಿರಿ. ಆಗ ಅದು ಹಿಗ್ಗುವಷ್ಟು ಹಿಗ್ಗಿರುತ್ತದೆ. ಮೇಲಂಚಿಗೆ ಚಾಕ್‌ಪೀಸ್ ಸವರಿ ಮೆಲ್ಲಗೆ ತೂರಿಸಿ, ಚಾಕ್ ಅಳಿಸಿದ ಜಾಗ ಉಜ್ಜುತ್ತಿದೆ ಎಂದರ್ಥ. ಅಷ್ಟನ್ನೇ ಕೀಸಿ, ಮತ್ತೆ ನೋಡಿ. ಜಾರಿದ ಕೂಡಲೇ ನಿಲ್ಲಿಸಿ. ಕೀಸಿದ ಅಂಚಿಗೆ ಅರಗಿನ ಪಾಲಿಶ್ ಎರಡು ಕೈ, ಒಣಗಿದ ಮೇಲೆ ಜೇನುಮೇಣ ತಿಕ್ಕಿ. ಮೇಣದಬತ್ತಿಯಾದರೂ ಆಗುತ್ತದೆ. ಸೋಪು ಬೇಡ, ಅದು ತೇವವನ್ನು ಎಳೆದುಕೊಳ್ಳುತ್ತದೆ.

ಪಾಲಿಶ್ ಹಿಗ್ಗುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಹೊರಗೆ ಮಾತ್ರ ಹಚ್ಚಿ ಒಳಗೆ ಬಿಟ್ಟರೆ ಹಲಗೆ ಡೊಂಕಾಗುವ ಸಾಧ್ಯತೆ ಜಾಸ್ತಿ. ಎರಡೂ ಕಡೆ ಹಚ್ಚಿ.

ಮುಂದಿನ ಪೆಟ್ಟಿಗೆ ಮಾಡುವಾಗ ಮೊದಲು ಹಲಗೆಯ ತುದಿ ನೋಡಿ ಆರಿಸಿ. ತುದಿಯಲ್ಲಿ ಬೆಳವಣಿಗೆಯ ಉಂಗುರಗಳು ಕಮಾನಿನ ಹಾಗೆ ಮಲಗಿದ್ದರೆ ಅದು ಜಾಸ್ತಿ ಹಿಗ್ಗುತ್ತದೆ, ನೆಟ್ಟಗೆ ಗೆರೆಗೆರೆಯಾಗಿ ನಿಂತಿದ್ದರೆ ಸುಮಾರು ಅರ್ಧದಷ್ಟು ಮಾತ್ರ. ಖಾನೆಗೆ ನೆಟ್ಟಗಿನದ್ದನ್ನೇ ಇಟ್ಟುಕೊಳ್ಳಿ. ಆಮೇಲೆ ತಿಂಗಳು ನೋಡಿ. ಜನವರಿಯಲ್ಲಿ ಮಾಡುತ್ತಿದ್ದರೆ ಖಾನೆಯ ಮೇಲೆ ಮುಕ್ಕಾಲು ಮಿ.ಮೀ. ಸಂದು ಬಿಡಿ, ಕಣ್ಣಿಗೆ ಸ್ವಲ್ಪ ದೊಡ್ಡದು ಕಂಡರೂ ಬಿಡಿ. ಆಗಸ್ಟ್‌ನಲ್ಲಾದರೆ ಒಂದು ಪೋಸ್ಟ್ ಕಾರ್ಡ್ ಹೋಗುವಷ್ಟು ಸಾಕು. ಪಕ್ಕದ ಸಂದು ಯಾವ ತಿಂಗಳಾದರೂ ಬಿಗಿಯಾಗಿರಬಹುದು.

ಇನ್ನೊಂದು. ಆಗಸ್ಟ್‌ನಲ್ಲಿ ಮಾಡಿದ ಪೆಟ್ಟಿಗೆಗೆ ಉಲ್ಟಾ ತೊಂದರೆ ಬರುತ್ತದೆ. ಮುಂದಿನಿಂದ ಹಿಂದಕ್ಕೆ 200 ಮಿ.ಮೀ. ಇರುವ ಪೆಟ್ಟಿಗೆ ಚಳಿಗಾಲದಲ್ಲಿ ಆ ಕಡೆಗೆ ಎರಡು ಮಿ.ಮೀ.ವರೆಗೆ ಕುಗ್ಗಬಹುದು, ಆದರೆ ಖಾನೆಯ ಉದ್ದ ಕುಗ್ಗುವುದಿಲ್ಲ, ಆಗ ಖಾನೆ ಹಿಂದಿನ ಹಲಗೆಗೆ ತಾಗಿ ಮುಖ ಹೊರಗೆ ಚಾಚಿಕೊಳ್ಳುತ್ತದೆ. ಹಿಂದೆ ಮೂರು ಮಿ.ಮೀ. ಜಾಗ ಬಿಟ್ಟರೆ ಸರಿ. ಖಾನೆ ಜಾರುವ ಪಟ್ಟಿಗಳಿಗೂ ಮುಂದಿನ ತುದಿಯಲ್ಲಿ ಮಾತ್ರ ಅಂಟು ಹಾಕಿ, ಪೂರ್ತಿ ಅಂಟಿಸಿದರೆ ಪಕ್ಕದ ಹಲಗೆ ಕುಗ್ಗಲು ಆಗದೆ ಬಿರುಕು ಬಿಡುತ್ತದೆ.

ಅಕ್ಕನ ಪೆಟ್ಟಿಗೆಯನ್ನು ಆ ಆಗಸ್ಟ್‌ನಲ್ಲೇ ಅವಳ ಮನೆ ಜಗಲಿಯಲ್ಲಿ ಕೂತು ಹೀಗೆ ಸರಿ ಮಾಡಿದೆ. ಚೌತಿಗೆ ಬುಗುಡಿ ಹಾಕಿಕೊಂಡಳು.