ಸ್ಟೀರಿಂಗ್ ಚಿಕ್ಕದಾದರೆ ಕಾರು ಚುರುಕಾಗುವುದಿಲ್ಲ

ಸ್ಟೀರಿಂಗ್ ಕೊಂಡಾದ ಮೇಲೆ ನನ್ನ ಗ್ಯಾರೇಜಿಗೆ ಬರುವವರೇ ಹೆಚ್ಚು. ಕೊಳ್ಳುವ ಮೊದಲು ಕೇಳಲು ಬರುವವರು ಅಪರೂಪ. ಪುಣೆಯ ನಾನಾ ಪೇಠದಲ್ಲೋ, ಮುಂಬೈಗೆ ಹೋದಾಗ ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಸಾಲಿನಲ್ಲೋ ಅದು ಕಣ್ಣಿಗೆ ಬಿದ್ದಿರುತ್ತದೆ. ಕೆಂಪು ದಾರದ ಹೊಲಿಗೆ, ಕೆಳಭಾಗ ಚಪ್ಪಟೆ, ಕಂಪನಿ ಕೊಟ್ಟದ್ದಕ್ಕಿಂತ ಎರಡು ಬೆರಳು ಚಿಕ್ಕದು. ಚೀಲದಿಂದ ಹೊರತೆಗೆಯುತ್ತಾ ಎಲ್ಲರೂ ಹೇಳುವುದು ಒಂದೇ ಮಾತು: "ಅಣ್ಣಾ, ಕಾರು ಯಾಕೋ ಮಂದವಾಗಿದೆ. ಇದನ್ನು ಹಾಕಿಕೊಡಿ, ಚುರುಕಾಗಲಿ."

ಚುರುಕಾಗುವುದಿಲ್ಲ. ಎದುರು ನಿಂತು ಹೇಳಿದಾಗ ತಲೆಯಾಡಿಸಿ, ಪಕ್ಕದ ಬೀದಿಗೆ ಹೋಗಿ ಹಾಕಿಸಿಕೊಳ್ಳುತ್ತಾರೆ. ಬರೆದದ್ದನ್ನಾದರೂ ಓದಿಯಾರು ಎಂಬ ಆಸೆಯಿಂದ ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮುಂದಿನ ಚಕ್ರಗಳು ಎಷ್ಟು ಹೊರಳಬೇಕು ಎಂಬುದನ್ನು ತೀರ್ಮಾನಿಸುವುದು ಕೆಳಗಿರುವ ರ‍್ಯಾಕ್ ಮತ್ತು ಪಿನಿಯನ್, ಅಂದರೆ ಹಲ್ಲಿನ ಪಟ್ಟಿ ಮತ್ತು ಅದನ್ನು ಸರಿಸುವ ಹಲ್ಲುಚಕ್ರ. ಅವುಗಳ ಅನುಪಾತ 16 ಎಂದಿಟ್ಟುಕೊಳ್ಳಿ. ನೀವು ಸ್ಟೀರಿಂಗನ್ನು 16 ಡಿಗ್ರಿ ತಿರುಗಿಸಿದರೆ ಚಕ್ರ ಒಂದು ಡಿಗ್ರಿ ಹೊರಳುತ್ತದೆ. ಕೈಯಲ್ಲಿರುವ ಸ್ಟೀರಿಂಗಿನ ಬಳೆ 380 ಮಿ.ಮೀ. ಅಗಲದ್ದೇ ಇರಲಿ, 340ರದ್ದೇ ಇರಲಿ, ಈ ಲೆಕ್ಕ ಕದಲುವುದಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಮೊದಲು ಮೂರು ಸುತ್ತು ಬೇಕಿದ್ದರೆ ಈಗಲೂ ಮೂರೇ ಸುತ್ತು. ಬದಲಾಗುವುದು ನಿಮ್ಮ ಕೈ ಸಾಗುವ ದೂರ. ಕಾಲು ಸುತ್ತಿಗೆ ದೊಡ್ಡ ಸ್ಟೀರಿಂಗಿನಲ್ಲಿ ಕೈ ಸುಮಾರು 30 ಸೆಂ.ಮೀ. ಸರಿಯುತ್ತದೆ, ಚಿಕ್ಕದರಲ್ಲಿ 27. ಆ ಮೂರು ಸೆಂಟಿಮೀಟರಿನ ಉಳಿತಾಯವನ್ನೇ ನೀವು ಚುರುಕು ಎನ್ನುತ್ತೀರಿ. ಅದು ಕಾರಿಗೆ ಗೊತ್ತೇ ಇಲ್ಲ.

ಉಳಿತಾಯವೂ ಪುಕ್ಕಟೆಯಲ್ಲ. ಬೀಸುವ ಕಲ್ಲಿನ ಗೂಟವನ್ನು ಅಂಚಿನಿಂದ ನಡುವಿನತ್ತ ಸರಿಸಿದರೆ ಬೀಸುವವರ ತೋಳು ಏನು ಹೇಳುತ್ತದೋ ಅದೇ ಇಲ್ಲಿಯೂ. 380ರಿಂದ 340ಕ್ಕೆ ಇಳಿದರೆ ಅದೇ ಕೆಲಸಕ್ಕೆ ಸುಮಾರು 12 ಪ್ರತಿಶತ ಹೆಚ್ಚು ಬಲ ಬೇಕು. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕಾರಿನಲ್ಲಿ ಇದು ಅಷ್ಟಾಗಿ ತಿಳಿಯದಿರಬಹುದು. ಪವರ್ ಇಲ್ಲದ ಹಳೆಯ ಜಿಪ್ಸಿಯಲ್ಲಿ ಪುಣೆಯ ತುಳಶಿಬಾಗ್ ಮಾರುಕಟ್ಟೆಯ ಸಂದಿಯೊಳಗೆ ಒಮ್ಮೆ ಪಾರ್ಕ್ ಮಾಡಿ ನೋಡಿ, ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳಬೇಕು. ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿದ್ದೀರಿ, ಸೀನು ಬಂತು, ಕೈ ಎರಡು ಸೆಂಟಿಮೀಟರ್ ಅಲುಗಿತು. ದೊಡ್ಡ ಸ್ಟೀರಿಂಗಿನಲ್ಲಿ ಅದು ಆರು ಡಿಗ್ರಿ, ಚಿಕ್ಕದರಲ್ಲಿ ಆರೂಮುಕ್ಕಾಲು. ನಿಮ್ಮ ಉದ್ದೇಶದ ಜೊತೆಗೆ ನಿಮ್ಮ ಅಜಾಗರೂಕತೆಯನ್ನೂ ಚಿಕ್ಕ ಸ್ಟೀರಿಂಗ್ ಹಿಗ್ಗಿಸುತ್ತದೆ. ರೇಸ್ ಓಡಿಸುವವರು ಚಿಕ್ಕದನ್ನು ಬಯಸುವುದಕ್ಕೆ ಕಾರಣಗಳಿವೆ, ನಿಜ. ಆದರೆ ಅವರು ಐದು ಪಟ್ಟಿಯ ಬೆಲ್ಟ್ ಬಿಗಿದು ಕುಳಿತಿರುತ್ತಾರೆ. ಎಡಗೈಯಲ್ಲಿ ವಡಾಪಾವ್ ಇರುವುದಿಲ್ಲ.

ಹಾಗಾದರೆ ಕಾರು ಮಂದವಾಗಿರುವುದು ಸುಳ್ಳೇ? ಸುಳ್ಳಲ್ಲ. ಟೈರಿನಲ್ಲಿ ಗಾಳಿ ಕಡಿಮೆ ಇರುತ್ತದೆ, ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮಿನ ರಬ್ಬರ್ ಬುಷ್ ಸವೆದಿರುತ್ತದೆ, ಚಕ್ರವನ್ನು ಹೊರಳಿಸುವ ಟೈ ರಾಡಿನ ತುದಿ ಸಡಿಲವಾಗಿರುತ್ತದೆ. ಎಂಬತ್ತು ದಾಟಿದರೆ ನಡುಗುತ್ತದೆಯೇ, ಮೊದಲು ಬ್ಯಾಲೆನ್ಸಿಂಗ್ ಮಾಡಿಸಿ. ಒಂದು ಕಡೆಗೆ ಎಳೆಯುತ್ತದೆಯೇ, ಗಾಳಿ ಮತ್ತು ಅಲೈನ್‌ಮೆಂಟ್ ನೋಡಿಸಿ. ಸ್ಟೀರಿಂಗ್ ದೂರನ್ನು ನಿಮ್ಮ ಅಂಗೈಗೆ ಮುಟ್ಟಿಸುತ್ತಿದೆ, ಅಷ್ಟೇ.

ಇನ್ನು ಆರಾಮದ ಮಾತು. ಕುಂದಾಪುರದ ಕಡೆಯ ಹೋಟೆಲ್ ಮಾಲೀಕರೊಬ್ಬರು ನನ್ನ ಹಳೆಯ ಗಿರಾಕಿ. ವರ್ಷಕ್ಕೆ ನಾಲ್ಕಾರು ಸಲ ಪುಣೆಯಿಂದ ಊರಿಗೆ ತಾವೇ ಓಡಿಸಿಕೊಂಡು ಹೋಗುತ್ತಾರೆ. ಖಂಬಾಟ್ಕಿ ಘಾಟಿನವರೆಗೆ ಸುಖ, ಕರಾಡ ಬರುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ. ದಪ್ಪ ಹಿಡಿಯ ಚಿಕ್ಕ ಸ್ಟೀರಿಂಗ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಯಾರೋ ಕಿವಿಯೂದಿದ್ದರು. "ಒಮ್ಮೆ ಹತ್ತಿ ಕುಳಿತುಕೊಳ್ಳಿ, ನೋಡೋಣ" ಎಂದೆ. ಕುಳಿತರು. ಸೀಟಿನ ಬೆನ್ನು ಹಿಂದಕ್ಕೆ ವಾಲಿತ್ತು, ಬೆನ್ನಿನ ಹಿಂದೆ ಒಂದು ದಿಂಬು, ತೋಳುಗಳೆರಡೂ ನೇರ ಚಾಚಿಕೊಂಡು ಬಳೆಯ ನೆತ್ತಿಯನ್ನು ಹಿಡಿದಿದ್ದವು. ಆ ಭಂಗಿಯಲ್ಲಿ ಎರಡೂವರೆ ಗಂಟೆ ತೋಳೆತ್ತಿ ಹಿಡಿದರೆ ಯಾರ ಭುಜ ಉಳಿದೀತು?

ದಿಂಬು ತೆಗೆಸಿದೆ. ಸೊಂಟ ಸೀಟಿನ ಮೂಲೆಗೆ ತಾಗುವಂತೆ ಕೂರಿಸಿದೆ. ಬೆನ್ನು ನೇರ ಮಾಡಿದೆ. ಭುಜ ಸೀಟಿಗೆ ಅಂಟಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಬಳೆಯ ನೆತ್ತಿಯ ಮೇಲೆ ಕೂರಬೇಕು. ಅಲ್ಲಿಯವರೆಗೆ ಸೀಟು ಮುಂದೆ. ಆಮೇಲೆ ಕೈಗಳನ್ನು ಒಂಬತ್ತು ಮತ್ತು ಮೂರು ಗಂಟೆಯ ಜಾಗಕ್ಕೆ ಇಳಿಸಿದರೆ ಮೊಣಕೈ ತಾನಾಗಿ ಬಾಗುತ್ತದೆ. ಎದೆಯ ಮೂಳೆಗೂ ಸ್ಟೀರಿಂಗಿನ ನಡುವಿಗೂ 25 ಸೆಂ.ಮೀ. ಆದರೂ ಅಂತರ ಉಳಿದಿರಬೇಕು. ಅವರ ಕಾರಿನ ಸ್ಟೀರಿಂಗ್ ಮೇಲೆ ಕೆಳಗೆ ಸರಿಯುತ್ತದೆ ಎಂಬುದು ಅವರಿಗೆ ಅಂದೇ ಗೊತ್ತಾದದ್ದು. "ಏನು ಮಾರಾಯರೇ, ಪರೀಕ್ಷೆಗೆ ಕೂರಿಸಿದ ಹಾಗೆ ಕೂರಿಸಿದ್ದೀರಿ!" ಎಂದು ಬೈದುಕೊಂಡೇ ಹೊರಟರು. ಬೆಳಗಾವಿಯಿಂದ ಫೋನು ಬಂತು: ಭುಜ ಸುಮ್ಮನಿದೆಯಂತೆ, ಆದರೆ ತೊಡೆ ಹಿಡಿದಿದೆಯಂತೆ. ಸೀಟಿನ ಎತ್ತರ ಒಂದು ಮೆಟ್ಟಿಲು ಇಳಿಸಿ ಎಂದೆ. ಎಲ್ಲರ ನೋವಿಗೂ ಸೀಟೇ ಕಾರಣ ಎನ್ನಲಾರೆ. ಕುತ್ತಿಗೆಯ ತೊಂದರೆ ಮೊದಲೇ ಇದ್ದವರು ವೈದ್ಯರನ್ನು ಕಾಣಬೇಕು, ನನ್ನನ್ನಲ್ಲ.

ಏರ್‌ಬ್ಯಾಗ್ ವಿಷಯದಲ್ಲಿ ಮಾತ್ರ ನನ್ನಲ್ಲಿ ಚೌಕಾಸಿ ಇಲ್ಲ. ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಏರ್‌ಬ್ಯಾಗ್ ಇರುವ ಯಾವ ಕಾರಿನ ಸ್ಟೀರಿಂಗನ್ನೂ ನಾನು ಬದಲಿಸಿಕೊಡುವುದಿಲ್ಲ. "ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಎಚ್ಚರಿಕೆಯ ದೀಪ ಆರಿಸಿಕೊಡುತ್ತಾರಲ್ಲ?" ಎಂದು ವಾದಿಸುತ್ತಾರೆ. ಆರಿಸುತ್ತಾರೆ. ಕೆಲವೇ ರೂಪಾಯಿಯ ಒಂದು ರೆಸಿಸ್ಟರನ್ನು ತಂತಿಯ ತುದಿಗೆ ಸಿಕ್ಕಿಸಿದರೆ, ಏರ್‌ಬ್ಯಾಗ್ ಜಾಗದಲ್ಲೇ ಇದೆ ಎಂದು ಕಂಟ್ರೋಲ್ ಯೂನಿಟ್ ನಂಬುತ್ತದೆ. ಗುದ್ದಿದ ದಿನ ಅದು ಆ ರೆಸಿಸ್ಟರಿಗೇ ಕಿಡಿ ಕಳಿಸುತ್ತದೆ. ನಿಮ್ಮ ಎದೆಯ ಮುಂದೆ ಚೀಲದ ಬದಲು ಲೋಹದ ಉಬ್ಬು ಇರುತ್ತದೆ. ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟ್ ಕೂಡ ಏರ್‌ಬ್ಯಾಗ್ ಇದೆ ಎಂಬ ಲೆಕ್ಕದಲ್ಲೇ ಎಷ್ಟು ಬಿಗಿಯಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಹೊಂದಿಸಿರುತ್ತದೆ. ವಿಮೆಯವರು ಏನನ್ನುತ್ತಾರೆ, ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಮಾರ್ಪಾಡಿನ ಕುರಿತಾದ 52ನೇ ಕಲಂ ಎಲ್ಲಿಯವರೆಗೆ ಎಳೆಯುತ್ತದೆ ಎಂಬುದು ವಕೀಲರಿಗೆ ಬಿಟ್ಟದ್ದು. ಆ ದೀಪ ಆರಿದ್ದನ್ನು ನೋಡಿ ಪಕ್ಕದಲ್ಲಿ ನೆಮ್ಮದಿಯಿಂದ ಕೂರುವ ನಿಮ್ಮ ಹೆಂಡತಿ ಮಕ್ಕಳ ಮುಖ ನನಗೆ ಸಾಕು.

ಅಂಥ ಕಾರಿನವರಿಗೆ ಹಿಡಿತ ತೆಳುವೆನಿಸಿದರೆ ದಾರಿ ಇದೆ. ಕಂಪನಿಯ ಸ್ಟೀರಿಂಗಿಗೇ ಚರ್ಮ ಹೊಲಿಸಿ; ನಡುವಿನ ಮುಚ್ಚಳವನ್ನು ಮುಟ್ಟಗೊಡಬೇಡಿ. ಬೆರಳ ಗಂಟುಗಳಲ್ಲಿ ನೋವಿರುವ ಹಿರಿಯರಿಗೆ ಸ್ವಲ್ಪ ದಪ್ಪನೆಯ ಬಳೆ ನಿಜಕ್ಕೂ ಹಿತ, ಬಿಗಿಯಾಗಿ ಮುಷ್ಟಿ ಹಿಡಿಯಬೇಕಾಗುವುದಿಲ್ಲ. ತೊಡಿಸುವ ರಬ್ಬರ್ ಕವರ್ ಬೇಡ. ಘಾಟಿನ ತಿರುವಿನಲ್ಲಿ ಕವರ್ ತಿರುಗಿತು, ಸ್ಟೀರಿಂಗ್ ತಿರುಗಲಿಲ್ಲ ಎಂಬ ಕಥೆ ಕೇಳುವ ಆಸೆ ನನಗಿಲ್ಲ.

ಏರ್‌ಬ್ಯಾಗ್ ಇಲ್ಲದ ಹಳೆಯ ಗಾಡಿ ಸಾಕಿಕೊಂಡವರು ನನಗೆ ಪ್ರೀತಿಪಾತ್ರರು. ಜಿಪ್ಸಿ, ಅಂಬಾಸಿಡರ್, ಕುರ್ಲಾದಲ್ಲೇ ತಯಾರಾಗುತ್ತಿದ್ದ ಪದ್ಮಿನಿ. ಮುಂಬೈಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಮರೆಯಾದ ಮೇಲೆ ಅದನ್ನು ಒಪ್ಪ ಮಾಡಿಸಲು ಬರುವವರು ಹೆಚ್ಚಿದ್ದಾರೆ ಅನ್ನಿಸುತ್ತದೆ. ಇವರಿಗೆ ನಾನು ಬದಲಿಸಿಕೊಡುತ್ತೇನೆ, ಆದರೆ ಗಾತ್ರವನ್ನು ತೀರಾ ಇಳಿಸುವುದಿಲ್ಲ. ಮೀಟರಿನ ಮೇಲ್ಭಾಗ ಬಳೆಯ ಹಿಂದೆ ಅಡಗುತ್ತದೆಯೇ ಎಂದು ಮೊದಲು ರಟ್ಟಿನ ಬಳೆ ಕತ್ತರಿಸಿ ಹಿಡಿದು ನೋಡಿ. ಕೆಳಗೆ ಚಪ್ಪಟೆಯಾದದ್ದು ಬೇಡವೇ ಬೇಡ: ಮೂರು ಸುತ್ತು ಸುತ್ತಿಸುವಾಗ ದುಂಡು ಸಿಗಬೇಕಾದ ಕಡೆ ಕೈಗೆ ಮೂಲೆ ಸಿಗುತ್ತದೆ. ಸ್ವೇಡ್ ಎಂಬ ನವಿರು ಚರ್ಮದ ಹೊದಿಕೆ ಮುಂಬೈ, ಗೋವಾದ ಬೆವರಿಗೆ ಒಂದು ಮಳೆಗಾಲವೂ ಸುಂದರವಾಗಿ ಉಳಿಯದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರಾದರೆ ಇನ್ನೂ ಬೇಗ. ಪಾಲಿಶ್ ಮಾಡಿದ ಮರದ್ದು ನೋಡಲು ಚೆಂದ, ಬೆವರಿದ ಅಂಗೈಗೆ ಜಾರು. ತೂತುಗಳಿರುವ ಸಾದಾ ಚರ್ಮವೇ ಮೇಲು.

ಸ್ಟೀರಿಂಗಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅದರ ಹಿಂದಿನ ಬಾಸ್ ಕಿಟ್‌ಗೆ. ಸ್ಟೀರಿಂಗನ್ನು ಕಾಲಂಗೆ, ಅಂದರೆ ಕೆಳಗಿನ ದಂಡಕ್ಕೆ, ಜೋಡಿಸುವ ಭಾಗವದು; ಕಾಲಂನ ಹಲ್ಲುಗಳಿಗೆ ಅದರ ಹಲ್ಲು ಸರಿಯಾಗಿ ಕೂರಬೇಕು. "ಸ್ವಲ್ಪ ಬಡಿದರೆ ಕೂರುತ್ತದೆ" ಎನ್ನುವ ಮೆಕ್ಯಾನಿಕ್‌ನಿಂದ ಕೀಲಿಕೈ ವಾಪಸ್ ತೆಗೆದುಕೊಳ್ಳಿ. ಮೋಮೋ, ಸ್ಪಾರ್ಕೋ ಕಂಪನಿಗಳ ಸ್ಟೀರಿಂಗುಗಳ ಆರು ತೂತುಗಳು ಸಾಮಾನ್ಯವಾಗಿ 70 ಮಿ.ಮೀ. ವೃತ್ತದ ಮೇಲಿರುತ್ತವೆ, ನಾರ್ಡಿಯವು 74ರ ಮೇಲೆ. ತೂತು ಉಜ್ಜಿ ಹೊಂದಿಸುವ ಕೆಲಸ ಒಪ್ಪಬೇಡಿ. ಈ ಕಿಟ್ ಸ್ಟೀರಿಂಗನ್ನು ನಿಮ್ಮತ್ತ ಕೆಲವು ಸೆಂಟಿಮೀಟರ್ ತರುತ್ತದೆ. ಆಗ ಇಂಡಿಕೇಟರ್ ಕಡ್ಡಿ ಬೆರಳಿಗೆ ನಿಲುಕದೆ ಹೋಗುತ್ತದೆ. ಕಾಲಂ ಮೇಲೆ ಗೇರ್ ಇರುವ ಪದ್ಮಿನಿಯಲ್ಲಂತೂ ಪ್ರತಿ ಗೇರಿಗೂ ಮುಂದೆ ಬಾಗಬೇಕು. ಹಾಗಾಗಿ ಗಿಡ್ಡ ಕಿಟ್ ಸಿಕ್ಕರೆ ಅದನ್ನೇ ಕೊಳ್ಳಿ.

ಹಾಕಿಸಿದ ಮೇಲೆ ಚಕ್ರ ನೇರವಿದ್ದಾಗ ಸ್ಟೀರಿಂಗಿನ ಅಡ್ಡಕಡ್ಡಿಗಳೂ ನೇರವಿವೆಯೇ, ಪೂರ್ತಿ ತಿರುಗಿಸಿದಾಗಲೂ ಹಾರ್ನ್ ಕೂಗುತ್ತದೆಯೇ ನೋಡಿ. ನಡುವಿನ ನಟ್ಟನ್ನು ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲೇ ಬಿಗಿಸಿ, ಒಂದು ವಾರ ಓಡಿಸಿದ ಬಳಿಕ ಮತ್ತೊಮ್ಮೆ ತೋರಿಸಿ. ಕಳಚಿದ ಹಳೆಯ ಸ್ಟೀರಿಂಗನ್ನು ಗ್ಯಾರೇಜಿನಲ್ಲಿ ಬಿಟ್ಟುಹೋಗಬೇಡಿ. ಪದ್ಮಿನಿಯ ಅಸಲಿ ಬಳೆ ಈಗ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ, ಮತ್ತು ನನ್ನ ಅಟ್ಟದಲ್ಲಿ ಇನ್ನು ಜಾಗವಿಲ್ಲ.