ಮಾತು ಕೇಳಬೇಕು, ಕೆಳಗಿನ ಮನೆ ಅದುರಬಾರದು: ಫ್ಲ್ಯಾಟಿನ ಹಾಲ್‌ಗೆ 5.1 ಜೋಡಿಸುವುದು ಹೇಗೆ?

ಓದುಗರ ಪ್ರಶ್ನೆ: ಫ್ಲ್ಯಾಟಿನ ಹಾಲ್‌ಗೆ 65 ಇಂಚಿನ ಟಿವಿ, ಎವಿ ರಿಸೀವರ್, ಸಬ್‌ವೂಫರ್ ಸಮೇತ 5.1 ಸ್ಪೀಕರ್ ಸೆಟ್ ತಂದಿದ್ದೇವೆ. ಸಂಭಾಷಣೆ ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ ಹೊಡೆದಾಟದ ದೃಶ್ಯ ಬಂದಾಗ ಕಿವಿ ಗಡಚಿಕ್ಕುತ್ತದೆ, ಕೆಳಗಿನ ಮನೆಯವರು ದೂರುತ್ತಾರೆ. ಇಳಿಸಿದರೆ ಮಾತೇ ಕೇಳುವುದಿಲ್ಲ. ಇನ್ನೂ ದೊಡ್ಡ ಸೆಟ್ ಬೇಕಿತ್ತೇ? ಮೊದಲಿನಿಂದ ಜೋಡಿಸುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಇರುವ ಸೆಟ್ ಸಾಕು, ಇನ್ನೊಂದಕ್ಕೆ ಹಣ ಹಾಕಬೇಡಿ. 5.1 ಎಂದರೆ ಐದು ಸ್ಪೀಕರ್ (ಮುಂದೆ ಎಡ, ಬಲ ಮತ್ತು ನಡುವೆ ಸೆಂಟರ್, ಕೂತವರ ಪಕ್ಕ-ಹಿಂದೆ ಎರಡು ಸರೌಂಡ್), ಜೊತೆಗೆ ಬಾಸ್ ಅಂದರೆ ತಗ್ಗು ಸ್ವರಗಳಿಗೆಂದೇ ಒಂದು ಸಬ್‌ವೂಫರ್; ಇವಕ್ಕೆಲ್ಲ ಶಬ್ದ ಹಂಚುವ ಯಂತ್ರ ರಿಸೀವರ್. ಮಾತು ಕೇಳಿಸದಿರುವುದು, ಬಾಸ್ ಸಾಲದು ಅನ್ನಿಸುವುದು, ಕೆಳಗಿನವರಿಗೆ ಅದೇ ಬಾಸ್ ಜಾಸ್ತಿಯಾಗುವುದು ಈ ಮೂರೂ ಬಹುತೇಕ ಸಲ ಒಂದೇ ಕಡೆಯಿಂದ ಬರುತ್ತವೆ. ಕೂರುವ ಜಾಗ ಮತ್ತು ಸ್ಪೀಕರ್ ಇಟ್ಟ ಜಾಗ ತಪ್ಪಿದಾಗ ನಾವು ಅದನ್ನು ವಾಲ್ಯೂಮ್‌ನಿಂದ ತುಂಬಿಸಲು ನೋಡುತ್ತೇವೆ. ಜಾಗ ಸರಿಹೋದರೆ ವಾಲ್ಯೂಮ್ ತಾನಾಗಿ ಇಳಿಯುತ್ತದೆ. ಆದ್ದರಿಂದ ಟಿವಿಗೆ ಗೋಡೆ ಕೊರೆಯುವ ಮುನ್ನವೇ ಸೋಫಾದ ಜಾಗ ಗೊತ್ತುಮಾಡಿ.

ಸೋಫಾ ಎಲ್ಲಿ?

ಪರದೆಯ ಲೆಕ್ಕ ಸುಲಭ. ಪರದೆ ಕಣ್ಣಿಗೆ ಅಡ್ಡಲಾಗಿ 30ರಿಂದ 40 ಡಿಗ್ರಿಯಷ್ಟು ಕಾಣಬೇಕು. ಅಂದರೆ ಪರದೆಯ ಕರ್ಣದ 1.2ರಿಂದ 1.6 ಪಟ್ಟು ದೂರ. 55 ಇಂಚಿಗೆ ಅದು ಸುಮಾರು 1.7ರಿಂದ 2.2 ಮೀಟರ್, 65 ಇಂಚಿಗೆ 2ರಿಂದ 2.6 ಮೀಟರ್. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಅದೇ ಮಟ್ಟಕ್ಕೆ ಅಥವಾ ಒಂದು ಗೇಣು ಮೇಲಕ್ಕೆ ಬರಲಿ. ಅದಕ್ಕಿಂತ ಮೇಲೆ ತೂಗುಹಾಕಿದ ಟಿವಿ ಕತ್ತಿಗೂ ಕೆಟ್ಟದ್ದು, ಅದರ ಕೆಳಗೆ ಕೂರುವ ಸೆಂಟರ್ ಸ್ಪೀಕರ್‌ಗೂ ಕೆಟ್ಟದ್ದು.

ಬಾಸ್‌ನ ಲೆಕ್ಕ ಹೆಚ್ಚು ಮುಖ್ಯ, ಅದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಹಾಲ್ 4.3 ಮೀಟರ್ ಉದ್ದ ಅಂದುಕೊಳ್ಳಿ. 40 ಹರ್ಟ್ಜ್ ಶಬ್ದದ ತರಂಗಾಂತರ ಸುಮಾರು 8.6 ಮೀಟರ್, ಹಾಲ್‌ನ ಉದ್ದದ ಸರಿಯಾಗಿ ಎರಡರಷ್ಟು. ಇಂಥ ಶಬ್ದ ಎರಡು ಗೋಡೆಗಳ ನಡುವೆ ಹೋಗಿಬಂದು ಸ್ಥಿರ ಅಲೆಯಾಗಿ ನಿಂತುಬಿಡುತ್ತದೆ: ಗೋಡೆಯ ಹತ್ತಿರ ಅತಿ ಜೋರು, ಹಾಲ್‌ನ ನಟ್ಟನಡುವೆ ಹೆಚ್ಚುಕಡಿಮೆ ಮಾಯ. ಸೋಫಾ 2.15 ಮೀಟರ್ ಹತ್ತಿರ ಇದ್ದರೆ ನಿಮ್ಮ ಕಿವಿ ಬಾಸ್ ಮಾಯವಾಗುವ ಆ ಗುಂಡಿಯಲ್ಲೇ ಇದೆ. ಬಾಸ್ ಬರುತ್ತಿಲ್ಲವೆಂದು ಸಬ್‌ವೂಫರ್ ಏರಿಸುತ್ತೀರಿ. ಕೆಳಗಿನ ಮನೆಯವರು ಆ ಗುಂಡಿಯಲ್ಲಿ ಕುಳಿತಿಲ್ಲ, ಅವರಿಗೆ ಏರಿಸಿದ್ದಷ್ಟೂ ತಲುಪುತ್ತದೆ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ ಉಲ್ಟಾ ತೊಂದರೆ: ಬಾಸ್ ಗುಡ್ಡೆಯಾಗಿ ಮಾತನ್ನು ಮುಚ್ಚುತ್ತದೆ. ಟಿವಿ ಗೋಡೆಯಿಂದ ಕಿವಿಯವರೆಗಿನ ದೂರ ಹಾಲ್‌ನ ಉದ್ದದ ಮೂರರಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಒಳ್ಳೆಯದು. 4.3 ಮೀಟರ್ ಹಾಲ್‌ನಲ್ಲಿ ಅದು ಸುಮಾರು 2.7 ಮೀಟರ್, ಟಿವಿ ಗೋಡೆಯಿಂದ ಹತ್ತು ಸೆಂಟಿಮೀಟರ್ ಮುಂದಿದ್ದರೆ ಪರದೆಯಿಂದ 2.6, ನಿಮ್ಮ 65 ಇಂಚಿಗೂ ಒಪ್ಪುತ್ತದೆ. ಸೋಫಾ ಅಷ್ಟು ಮುಂದೆ ತರಲಾಗದಿದ್ದರೆ ಹಿಂದಿನ ಗೋಡೆಯಿಂದ ಅರ್ಧ ಮೀಟರ್ ಆದರೂ ಬಿಡಿಸಿ.

ಸೆಂಟರ್ ಸ್ಪೀಕರ್

ಸಿನಿಮಾದ ಮಾತು ಬಹುಪಾಲು ಬರುವುದು ಈ ಒಂದೇ ಸ್ಪೀಕರ್‌ನಿಂದ. ಆದರೂ ಟಿವಿ ಯೂನಿಟ್‌ನ ಗೂಡಿನೊಳಗೆ ತಳ್ಳಿಬಿಡುವುದು ಇದನ್ನೇ. ಗೂಡಿನಲ್ಲಿ ಕುಳಿತ ಸ್ಪೀಕರ್‌ನ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಅದರ ಮುಖ ಹಲಗೆಯ ಅಂಚಿಗೆ ಸಮ ಬರುವಂತೆ ಎಳೆದಿಡಿ, ಮುಂದಿನ ತುದಿಯ ಕೆಳಗೆ ಒಂದು ರಬ್ಬರ್ ತುಂಡು ಕೊಟ್ಟು ಮುಖವನ್ನು ಕಿವಿಯತ್ತ ಎತ್ತಿ. ಎಲ್ಲ ಮುಗಿದ ಮೇಲೂ ಮಾತು ಕ್ಷೀಣ ಅನ್ನಿಸಿದರೆ ರಿಸೀವರ್‌ನ ಮೆನುವಿನಲ್ಲಿ ಸೆಂಟರ್ ಲೆವೆಲ್ ಅನ್ನು ಮಾತ್ರ 2–3 ಡೆಸಿಬೆಲ್ ಏರಿಸಿ, ಮಾಸ್ಟರ್ ವಾಲ್ಯೂಮ್ ಮುಟ್ಟಬೇಡಿ.

ಎಡ-ಬಲದ ಮುಂದಿನ ಸ್ಪೀಕರ್‌ಗಳು ಸೋಫಾದಿಂದ ನೋಡಿದರೆ ತಲಾ 22ರಿಂದ 30 ಡಿಗ್ರಿ ಪಕ್ಕಕ್ಕೆ, ಟ್ವೀಟರ್ (ಕೀಚು ಸ್ವರ ನುಡಿಸುವ ಪುಟ್ಟ ಭಾಗ) ಕಿವಿಯ ಎತ್ತರಕ್ಕೆ ಇರಲಿ. ಸರೌಂಡ್ ಎರಡೂ ಕೂತವರ ಪಕ್ಕದಿಂದ ತುಸು ಹಿಂದೆ, 110 ಡಿಗ್ರಿಯ ಸುಮಾರಿಗೆ, ಕಿವಿಗಿಂತ ಒಂದೆರಡು ಅಡಿ ಮೇಲೆ. ಅದಕ್ಕೆ ಜಾಗವೇ ಇಲ್ಲವೆಂದರೆ ಎರಡನ್ನೂ ಟಿವಿ ಪಕ್ಕದಲ್ಲೇ ಇಟ್ಟು 5.1 ಎಂದುಕೊಳ್ಳುವುದಕ್ಕಿಂತ ಅವುಗಳನ್ನು ಬಿಟ್ಟು 3.1 ಆಗಿ ಓಡಿಸುವುದು ಎಷ್ಟೋ ಮೇಲು. ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆಗೆ ಮಾತ್ರ ಸ್ಪೀಕರ್ ಸ್ಕ್ರೂ ಹಾಕಬೇಡಿ, ಕಂಪನ ನೇರವಾಗಿ ಆಚೆ ದಾಟುತ್ತದೆ. ಸ್ಟ್ಯಾಂಡ್ ಬಳಸಿ.

ವೈರ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ: ಹತ್ತು ಮೀಟರ್‌ವರೆಗೆ 1.5 ಚದರ ಮಿಲಿಮೀಟರ್‌ನ ಅಪ್ಪಟ ತಾಮ್ರದ ವೈರ್, ಅದಕ್ಕಿಂತ ಉದ್ದಕ್ಕೆ 2.5. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರ್ ಬೇಡ. ತುದಿಯನ್ನು ಒಂದು ಸೆಂಟಿಮೀಟರ್ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸೇರಿಸಿ; ಒಂದು ಎಳೆ ಹೊರಗುಳಿದು ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಕೆಂಪು-ಕಪ್ಪು ಎಲ್ಲ ಸ್ಪೀಕರ್‌ಗೂ ಒಂದೇ ಕ್ರಮದಲ್ಲಿರಲಿ. ಮುಂದಿನ ಎರಡರಲ್ಲಿ ಒಂದು ಉಲ್ಟಾ ಆದರೆ ಹಾಡು ಟೊಳ್ಳಾಗಿ, ಬಾಸ್ ಬತ್ತಿ, ಗಾಯಕರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಸಬ್‌ವೂಫರ್

ಇದನ್ನು ಮೂಲೆಗೆ ತಳ್ಳುವುದು ರೂಢಿ. ಮೂಲೆಯಲ್ಲಿ ಬಾಸ್ ಜೋರಾಗುವುದು ನಿಜ, ಕೋಣೆಯ ಎಲ್ಲ ಸ್ಥಿರ ಅಲೆಗಳನ್ನೂ ಅದು ಒಟ್ಟಿಗೇ ಎಬ್ಬಿಸುತ್ತದೆ. ಫ್ಲ್ಯಾಟಿನಲ್ಲಿ ಬೇಕಾದುದು ಅದಲ್ಲ. ಸರಿಯಾದ ಜಾಗ ಹುಡುಕಲು ಹಳೆಯದೊಂದು ವಿಧಾನವಿದೆ. ಸಬ್‌ವೂಫರ್ ಅನ್ನೇ ಸೋಫಾದ ಮೇಲೆ, ನೀವು ಕೂರುವ ಕಡೆ ಇಡಿ. ಬೇರೆ ಬೇರೆ ಸ್ವರಗಳಲ್ಲಿ ಓಡುವ ಬಾಸ್ ಗಿಟಾರ್ ಇರುವ ಒಂದು ಹಾಡು ಹಚ್ಚಿ, ಸಬ್ ಇಡಲು ಸಾಧ್ಯವಿರುವ ಜಾಗಗಳಲ್ಲಿ ಕಿವಿಯನ್ನು ನೆಲದ ಹತ್ತಿರ ತಂದು ಕೇಳುತ್ತ ಹೋಗಿ. ಕೆಲವು ಕಡೆ ಒಂದೇ ಸ್ವರ ಗುಂಯ್‌ಗುಡುತ್ತದೆ, ಕೆಲವು ಕಡೆ ಏನೂ ಕೇಳುವುದಿಲ್ಲ. ಪ್ರತಿ ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಕೇಳುವ ಜಾಗಕ್ಕೆ ಸಬ್ ತಂದಿಡಿ. ಹಗಲಲ್ಲಿ, ಕೆಳಗಿನವರಿಗೆ ಹೇಳಿಯೇ ಇದನ್ನು ಮಾಡಿ.

ಆ ಜಾಗ ಸೋಫಾದ ಪಕ್ಕದಲ್ಲೇ, ಕೈಗೆಟಕುವಷ್ಟು ಹತ್ತಿರ ಸಿಕ್ಕಿದರೆ ಫ್ಲ್ಯಾಟಿನವರಿಗೆ ಅದೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಕಿವಿಗೆ ಹತ್ತಿರವಿರುವುದರಿಂದ ಅರ್ಧ ದನಿಯಲ್ಲೇ ಸಾಕಾಗುತ್ತದೆ, ಕಟ್ಟಡಕ್ಕೆ ಹೋಗುವುದೂ ಅಷ್ಟೇ ಕಡಿಮೆ. ಸಬ್ ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಪ್ಯಾಡ್ ಹಾಕಿ. ಪ್ಯಾಡ್ ತಡೆಯುವುದು ಪೆಟ್ಟಿಗೆಯಿಂದ ನೆಲಕ್ಕೆ ನೇರ ಇಳಿಯುವ ಕಂಪನವನ್ನು ಮಾತ್ರ. ಗಾಳಿಯಲ್ಲಿ ಹರಡಿದ ಬಾಸ್ ನೆಲವನ್ನು ದಾಟಿಯೇ ದಾಟುತ್ತದೆ. ಗೋಡೆಗೆ ಅಂಟಿಸುವ ಮೊಟ್ಟೆ ಟ್ರೇ ಆಕಾರದ ಫೋಮ್ ಹಾಳೆಗಳಿಂದ ಅದು ನಿಲ್ಲುವುದಿಲ್ಲ. ಅವು ಹೀರುವುದು ಸಣ್ಣ ತರಂಗಾಂತರದ ಶಬ್ದಗಳನ್ನು, ಎಂಟು ಮೀಟರ್ ತರಂಗಕ್ಕೆ ಎರಡು ಇಂಚಿನ ಫೋಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಯಾವ ಸ್ವರದಿಂದ ಕೆಳಗಿನದು ಸಬ್‌ಗೆ ಹೋಗಬೇಕು ಎಂಬ ಗಡಿಯೇ ಕ್ರಾಸ್‌ಓವರ್. ಸಬ್ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಆ ಕೆಲಸ ರಿಸೀವರ್ ಮಾಡಲಿ. ರಿಸೀವರ್‌ನಲ್ಲಿ ಎಲ್ಲ ಸ್ಪೀಕರ್‌ಗಳೂ ‘ಸ್ಮಾಲ್’ (ಅಂದರೆ ಅವುಗಳ ಬಾಸ್ ಸಬ್‌ಗೆ ಹೋಗಲಿ), ಕ್ರಾಸ್‌ಓವರ್ 80 ಹರ್ಟ್ಜ್; ಅಂಗೈಯಗಲದ ಪುಟ್ಟ ಸ್ಪೀಕರ್‌ಗಳಾದರೆ 120ರ ಹತ್ತಿರ. ಜೊತೆಗೆ ಬಂದ ಮೈಕ್‌ನಿಂದ ಅಳತೆ ಮಾಡಿಸುವಾಗ ಮೈಕನ್ನು ಸೋಫಾದ ಬೆನ್ನಿಗೆ ಒರಗಿಸಬೇಡಿ, ಸ್ಟ್ಯಾಂಡ್ ಮೇಲೆ ಕಿವಿಯ ಮಟ್ಟಕ್ಕೆ ನಿಲ್ಲಿಸಿ, ಫ್ಯಾನ್ ಮತ್ತು ಎಸಿ ಆಫ್ ಮಾಡಿ. ಅಳತೆ ಮುಗಿದಾಗ ಸಬ್‌ನ ದೂರ ನಿಜಕ್ಕಿಂತ ಒಂದೆರಡು ಮೀಟರ್ ಹೆಚ್ಚು ತೋರಿಸಬಹುದು. ಟೇಪ್ ಹಿಡಿದು ಅದನ್ನು ತಿದ್ದಬೇಡಿ. ಸಬ್ ಒಳಗಿನ ಸರ್ಕ್ಯೂಟ್ ಶಬ್ದವನ್ನು ತುಸು ತಡ ಮಾಡುತ್ತದೆ, ರಿಸೀವರ್ ಆ ವಿಳಂಬವನ್ನೂ ದೂರವೆಂದು ಎಣಿಸಿರುತ್ತದೆ.

ಕೇಬಲ್ ಮತ್ತು ಸೆಟ್ಟಿಂಗ್

ಟಿವಿಯೊಳಗಿನ ಆ್ಯಪ್‌ಗಳ ಶಬ್ದ ರಿಸೀವರ್‌ಗೆ ಹೋಗಬೇಕಾದರೆ ಎರಡೂ ಕಡೆ ಎಆರ್‌ಸಿ ಅಥವಾ ಇ-ಎಆರ್‌ಸಿ (ಟಿವಿಯ ಶಬ್ದವನ್ನು ರಿಸೀವರ್‌ಗೆ ಹಿಂತಿರುಗಿಸುವ ದಾರಿ) ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟಿಗೇ ಕೇಬಲ್ ಹಾಕಬೇಕು, ಟಿವಿ ಮೆನುವಿನಲ್ಲಿ ಸಿಇಸಿ (ಯಂತ್ರಗಳು ಒಂದಕ್ಕೊಂದು ಸೂಚನೆ ಕೊಡುವ ಸೌಲಭ್ಯ) ಆನ್ ಇರಬೇಕು. ನಂತರ ಡಿಜಿಟಲ್ ಆಡಿಯೋ ಔಟ್ ಅನ್ನು ‘ಪಿಸಿಎಂ’ನಿಂದ (ಟಿವಿಯೇ ಶಬ್ದ ಬಿಡಿಸಿ ಕಳಿಸುವುದು) ‘ಆಟೋ’ ಅಥವಾ ‘ಪಾಸ್‌ಥ್ರೂ’ಗೆ (ಬಂದದ್ದನ್ನು ಹಾಗೇ ದಾಟಿಸುವುದು) ಬದಲಿಸಿ. ಎಆರ್‌ಸಿಯಲ್ಲಿ ಪಿಸಿಎಂ ಬಿಟ್ಟರೆ ಎರಡೇ ಚಾನೆಲ್ ಹೋಗುತ್ತದೆ. ಆಗ ಸೆಂಟರ್ ಸ್ಪೀಕರ್ ಮೌನವಾಗುತ್ತದೆ, ಇಲ್ಲವೇ ರಿಸೀವರ್ ಊಹಿಸಿಕೊಟ್ಟ ಮಾತು ಅದರಿಂದ ಬರುತ್ತದೆ. ನಿಮ್ಮ ದೂರಿಗೆ ಇದೂ ಕಾರಣವಿರಬಹುದು: 5.1 ಇರುವ ಸಿನಿಮಾ ಹಚ್ಚಿ ರಿಸೀವರ್ ಮುಖದ ಮೇಲೆ ಡಾಲ್ಬಿ ಎಂದು ಬರುತ್ತದೋ, ಪಿಸಿಎಂ ಎಂದು ಬರುತ್ತದೋ ನೋಡಿ. ಆಪ್ಟಿಕಲ್ ಕೇಬಲ್‌ನಲ್ಲಿ ಸಾಮಾನ್ಯ ಡಾಲ್ಬಿ ಡಿಜಿಟಲ್ 5.1 ಹೋಗುತ್ತದೆ, ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಅಟ್ಮಾಸ್ ಹೋಗುವುದಿಲ್ಲ.

4ಕೆ 60ಕ್ಕೆ (ಸೆಕೆಂಡಿಗೆ 60 ಚಿತ್ರ) ಸೆಕೆಂಡಿಗೆ 18 ಗಿಗಾಬಿಟ್‌ ಸಾಗಿಸುವ ಎಚ್‌ಡಿಎಂಐ ಕೇಬಲ್ ಸಾಕು. ಗೇಮ್ ಕನ್ಸೋಲ್‌ನಿಂದ 4ಕೆ 120 ಬೇಕಾದರೆ 48 ಗಿಗಾಬಿಟ್‌ನದ್ದು. ಎಚ್‌ಡಿಆರ್ (ಬೆಳಕು-ನೆರಳಿನ ಅಂತರ ಹೆಚ್ಚಿರುವ ಚಿತ್ರ) ಬರುತ್ತಿಲ್ಲವೆಂದರೆ ಟಿವಿಯಲ್ಲಿ ಆ ಪೋರ್ಟ್‌ನ ಸಿಗ್ನಲ್ ಸೆಟ್ಟಿಂಗ್ ‘ಎನ್‌ಹ್ಯಾನ್ಸ್‌ಡ್’ಗೆ ಬದಲಾಗಿಲ್ಲ ಎಂದೇ ಮೊದಲು ಅನುಮಾನಿಸಿ. ಚಿತ್ರವನ್ನು ‘ವಿವಿಡ್’ನಿಂದ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ತಂದು, ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಆಫ್ ಮಾಡಿ.

ರಿಸೀವರ್ ಬಿಸಿಯಾಗುವ ಯಂತ್ರ. ಬಾಗಿಲು ಮುಚ್ಚಿದ ಕಪಾಟಿನಲ್ಲಿ ಬೇಡ, ಮೇಲೆ ಕನಿಷ್ಠ ಹತ್ತು ಸೆಂಟಿಮೀಟರ್ ಖಾಲಿ ಇರಲಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಪೇರಿಸಬೇಡಿ.

ರಾತ್ರಿ

ಬರೀ ಟೈಲ್ಸ್ ನೆಲ, ಗಾಜಿನ ಬಾಲ್ಕನಿ ಬಾಗಿಲು ಇರುವ ಹಾಲ್‌ನಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಝಣ್ ಎಂದು ಬಾಲ ಹಿಡಿದು ಬಂದರೆ ಅದೇ ಬಾಲ ಪ್ರತಿ ಮಾತಿಗೂ ಅಂಟುತ್ತಿದೆ. ಸೋಫಾ ಮತ್ತು ಟಿವಿ ನಡುವೆ ದಪ್ಪ ಕಾರ್ಪೆಟ್, ಗಾಜಿಗೆ ನೆರಿಗೆ ತುಂಬಿದ ಭಾರದ ಪರದೆ ಹಾಕಿ. ಇಷ್ಟು ಮಾಡಿದರೆ ಮಾತಿನ ಸ್ಪಷ್ಟತೆಯಲ್ಲಿ ವ್ಯತ್ಯಾಸ ಅಂದೇ ಗೊತ್ತಾಗುತ್ತದೆ.

ರಾತ್ರಿ ಹತ್ತರ ನಂತರಕ್ಕೆ ರಿಸೀವರ್‌ನ ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ರೇಂಜ್’ ಆಯ್ಕೆ ಇದೆ. ಅದು ಜೋರಾದ ಸದ್ದನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಚಿತ್ರಮಂದಿರದ ಅನುಭವ ಅಷ್ಟು ಮಟ್ಟಿಗೆ ಕಡಿಮೆಯಾಗುತ್ತದೆ, ಒಪ್ಪಿಕೊಳ್ಳಬೇಕು. ಜೊತೆಗೆ ಸಬ್ ಲೆವೆಲ್ 4–6 ಡೆಸಿಬೆಲ್ ಇಳಿಸಿ. ಇಳಿಸಿದ ಮೇಲೆ ನೀವು ಮಾಮೂಲಾಗಿ ಕೇಳುವ ವಾಲ್ಯೂಮ್‌ನಲ್ಲಿ ಒಂದು ಹೊಡೆದಾಟದ ದೃಶ್ಯ ಹಚ್ಚಿ, ಕೆಳಗಿನ ಮನೆಯವರ ಒಪ್ಪಿಗೆ ಕೇಳಿ ಅವರ ಮಲಗುವ ಕೋಣೆಯಲ್ಲಿ ನಿಂತು ಕೇಳಿ. ಅಲ್ಲಿ ಸದ್ದು ಕೇಳಿಸದ ಮಟ್ಟ ಯಾವುದೋ ಆ ಅಂಕಿಯನ್ನು ರಿಸೀವರ್‌ನ ‘ಮ್ಯಾಕ್ಸಿಮಮ್ ವಾಲ್ಯೂಮ್’ ಮಿತಿಯಾಗಿ ನಮೂದಿಸಿ. ಮಕ್ಕಳ ಕೈಗೆ ರಿಮೋಟ್ ಸಿಕ್ಕರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ.