ಹಸಿದ ನೊಣ ಸುಮ್ನೆ ಕೂರುವುದಿಲ್ಲ

ಮಳೆಗಾಲದ ಶುರುವಿನಲ್ಲಿ ಶಿವಮೊಗ್ಗದ ಯಾವ ಮನೆಯಲ್ಲಾದರೂ ಹಲಸಿನ ಹಣ್ಣು ಕೊಯ್ದಿಡಿ. ತೊಳೆ ಬಿಡಿಸುವಷ್ಟರಲ್ಲಿ ಕೆಂಪು ಕಣ್ಣಿನ ಪುಟ್ಟ ನೊಣಗಳು ಹಾಜರು. ಕಾಲೇಜಿನ ಲ್ಯಾಬಿನಲ್ಲಿ ನಾವು ಸಾಕುವುದೂ ಈ ಹಣ್ಣುನೊಣಗಳನ್ನೇ. ಊಟಕ್ಕೆ ರವೆ, ಬೆಲ್ಲ, ಗಟ್ಟಿಯಾಗಲು ಅಗರ್ ಕುದಿಸಿ ಹಾಕುತ್ತೇವೆ. ವಾಸನೆ ಥೇಟ್ ಬೆಲ್ಲದ ಸಜ್ಜಿಗೆಯದು. ಬೂಷ್ಟು ಹಿಡಿಯದಿರಲಿ ಅಂತ ಪ್ರೊಪಿಯಾನಿಕ್ ಆಮ್ಲ ಸುರಿದ ಮೇಲೆ ಮಾತ್ರ ಯಾರ ಬಾಯಲ್ಲೂ ನೀರೂರುವುದಿಲ್ಲ.

"ಡೋಪಮೈನ್ ಅಂದ್ರೆ ಖುಷಿ ಕೊಡೋ ಕೆಮಿಕಲ್ ಅಲ್ವಾ ಮೇಡಂ?" ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಮೊಬೈಲ್ ಕಲಿಸಿದ ಪಾಠ.

ನೊಣವನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಅದರ ಮಿದುಳಿನಲ್ಲಿ ಅಣಬೆಯಾಕಾರದ ಒಂದು ಭಾಗವಿದೆ. ಅಲ್ಲಿ ಡೋಪಮೈನ್ ಬಿಡುವ ಒಂದು ಗುಂಪಿನ ಕೋಶಗಳು 'ಈ ವಾಸನೆ ಬಂದಾಗ ಸಿಹಿ ಸಿಕ್ಕಿತ್ತು' ಎಂದು ಕಲಿಸುತ್ತವೆ. ಇನ್ನೊಂದು ಗುಂಪು 'ಈ ವಾಸನೆ ಬಂದಾಗ ಶಾಕ್ ಹೊಡೆದಿತ್ತು' ಎಂದು ಕಲಿಸುತ್ತದೆ. ಎರಡೂ ಕಡೆ ಅದೇ ಡೋಪಮೈನ್. ನಿದ್ದೆ ಕೆಡಿಸುವುದೂ ಅದೇ. ಬಿಟ್ಟ ಡೋಪಮೈನನ್ನು ವಾಪಸ್ ಎಳೆದುಕೊಳ್ಳುವ ಜೀನ್ ಕೆಟ್ಟ ಒಂದು ತಳಿಯನ್ನು ಜಪಾನಿನವರು 2005ರಲ್ಲಿ ವಿವರಿಸಿದರು. ಅದು ಸರಿಯಾಗಿ ಮಲಗುವುದೇ ಇಲ್ಲ. ಹೆಸರು ಫುಮಿನ್, ಅಂದರೆ ನಿದ್ದೆಯಿಲ್ಲದ್ದು.

2024ರಲ್ಲಿ ಹೆಣ್ಣು ನೊಣವೊಂದರ ಮಿದುಳಿನ ಸುಮಾರು 1,40,000 ನರಕೋಶಗಳ ಪೂರ್ತಿ ನಕ್ಷೆ ಬಂತು. ದೊಡ್ಡ ಕೆಲಸವೇ. ಆದರೆ ಆಗುಂಬೆ ಘಾಟಿ ನಕ್ಷೆಯಲ್ಲಿ ಯಾವಾಗಲೂ ಒಂದೇ ಥರ. ಮಂಜು ಕವಿದ ದಿನ ಬಸ್ಸು ಓಡುವ ರೀತಿಯೇ ಬೇರೆ. ಡೋಪಮೈನ್‌ನಂಥ ಮಿದುಳಿನ ರಾಸಾಯನಿಕಗಳು ಆ ಮಂಜಿನ ಹಾಗೆ. ಹಸಿದ ನೊಣ ಶಕ್ತಿ ಉಳಿಸಲು ಸುಮ್ನೆ ಕೂರಬೇಕಿತ್ತು ಅಲ್ವಾ? ಅದು ಜಾಸ್ತಿ ಓಡಾಡುತ್ತದೆ, ಊಟ ಹುಡುಕುತ್ತಾ. ಆಕ್ಟೋಪಮೈನ್ ಎಂಬ ಇನ್ನೊಂದು ರಾಸಾಯನಿಕವನ್ನು ತಯಾರಿಸಲಾಗದ ನೊಣ ಹಸಿದರೂ ಹಾಗೆ ಅಲೆಯುವುದಿಲ್ಲ. ನಮಗೆ ಮೈಯನ್ನು ಎಚ್ಚರಕ್ಕೆ ತರುವ ನಾರ್‌ಅಡ್ರಿನಲಿನ್ ಹೇಗೋ ಕೀಟಗಳಿಗೆ ಇದು ಹಾಗೆ. ಮೊದಲು ಸಿಕ್ಕಿದ್ದು ಆಕ್ಟೋಪಸ್ಸಿನ ಜೊಲ್ಲುಗ್ರಂಥಿಯಲ್ಲಿ, ಅದಕ್ಕೇ ಆ ಹೆಸರು.

ಚಲನೆ ಅಳೆಯಲು ನಮ್ಮದು ಬಡವರ ಪರೀಕ್ಷೆ. ಗಾಜಿನ ನಳಿಕೆಯನ್ನು ಮೇಜಿಗೆ ಟಕ್ ಎಂದು ಕುಟ್ಟುವುದು. ನೊಣಗಳು ತಳಕ್ಕೆ ಬೀಳುತ್ತವೆ, ತಕ್ಷಣ ಮೇಲೆ ಹತ್ತುತ್ತವೆ. ಹತ್ತು ಸೆಕೆಂಡಿನಲ್ಲಿ ಗೆರೆ ದಾಟಿದ್ದು ಎಷ್ಟು, ಎಣಿಸಿದರಾಯಿತು. ರೊಟೆನೋನ್ ಎಂಬ ಕೀಟನಾಶಕ ತಿಂದ ನೊಣಗಳಲ್ಲಿ ಡೋಪಮೈನ್ ಕೋಶಗಳು ಸಾಯುತ್ತವೆ, ಹತ್ತುವುದು ನಿಧಾನವಾಗುತ್ತದೆ. ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ, ಮೈಯೊಳಗೆ ಡೋಪಮೈನ್ ಆಗುವ ಎಲ್-ಡೋಪಾ ಕೊಟ್ಟರೆ ನಡಿಗೆ ಸುಧಾರಿಸುತ್ತದೆ. ಕೋಶಗಳ ಸಾವು ಮಾತ್ರ ನಿಲ್ಲುವುದಿಲ್ಲ.

ಒಂದು ಜುಲೈನಲ್ಲಿ ವಿದ್ಯಾರ್ಥಿನಿಯೊಬ್ಬಳು ಓಡಿ ಬಂದಳು. ರೊಟೆನೋನ್ ತಿಂದ ಇಪ್ಪತ್ತರಲ್ಲಿ ಮೂರೇ ಹತ್ತಿವೆಯಂತೆ. "ರೊಟೆನೋನ್ ತಿನ್ನದ ನೊಣಗಳು?" ಎಂದೆ. ಕುಟ್ಟಿ ನೋಡಿದಳು. ನಾಲ್ಕು. ಹೊರಗೆ ಮೂರು ದಿನದಿಂದ ಬಿಡದ ಮಳೆ, ರೂಮು ತಣ್ಣಗೆ ಕೊರೆಯುತ್ತಿತ್ತು. ಎರಡೂ ನಳಿಕೆಗಳನ್ನು ಇಪ್ಪತ್ತೈದು ಡಿಗ್ರಿಯ ಇನ್‌ಕ್ಯುಬೇಟರಿಗೆ ಹಾಕಿ ಟೀ ಕುಡಿದು ಬಂದೆವು. ರೊಟೆನೋನ್ ತಿನ್ನದವು ಹತ್ತಿಯ ಬಿರಡೆವರೆಗೂ ಹತ್ತಿದವು. ತಿಂದವೂ ಹತ್ತಿದವು.